ಅತ್ತೆಯ ಕೈಗುಣ, ಅಳಿಯನ ಪುಡಿ

ಅತ್ತೆ ಜಂಬದ ಹೆಂಗಸು. ಇದನ್ನು ಇನ್ನಷ್ಟು ಮೆತ್ತಗೆ ಹೇಳಬಹುದು, ಆದರೆ ಹಾಗೆ ಹೇಳಿದರೆ ಅವರ ಜಂಬಕ್ಕೇ ಅವಮಾನ. ಅದು ಚಿಲ್ಲರೆ ಜಂಬವಾಗಿರಲಿಲ್ಲ. ಬಣ್ಣ, ಒಡವೆ, ಮನೆತನ, ಮಗಳಿಗೆ ಸಿಕ್ಕ ಗಂಡ, ಇವುಗಳಲ್ಲಿ ಯಾವುದನ್ನೂ ಹೇಳಿಕೊಂಡು ಅವರು ಬೀಗಿದವರಲ್ಲ. ಕೊನೆಯದನ್ನಂತೂ ಆದಷ್ಟು ಮುಚ್ಚಿಡುತ್ತಿದ್ದರು. ಅವರ ಜಂಬವೆಲ್ಲ ಬಲಗೈಯೊಂದರಲ್ಲಿ, ಮಣಿಕಟ್ಟಿನಿಂದ ಬೆರಳ ತುದಿಯವರೆಗಿನ ಗೇಣುದ್ದದ ಜಾಗದಲ್ಲಿ ಕಿಕ್ಕಿರಿದು ತುಂಬಿತ್ತು. ಲೋಕದಲ್ಲಿ ಅವರು ನಂಬುತ್ತಿದ್ದದ್ದು ಆ ಕೈಯೊಂದನ್ನೇ. ಎಡಗೈಯನ್ನೂ ಅಷ್ಟಾಗಿ ನಂಬುತ್ತಿರಲಿಲ್ಲ.

ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸಾಗಿ ಆಯುಷ್ಯ ಕಳೆದವರು ಅವರು. ಅಲ್ಲಿ 'ದೊಡ್ಡ ಸಿಸ್ಟರ್' ಎಂದು ಹೆಸರು. ಇನ್ನೂ ದೊಡ್ಡವರಾಗುವ ಮೊದಲು, ಒಂದು ಮಧ್ಯಾಹ್ನ, ಲಾರಿ ಮಗುಚಿ ಹೊಟ್ಟೆಗೆ ಪೆಟ್ಟು ತಿಂದ ಡ್ರೈವರನನ್ನು ತಂದು ಮಲಗಿಸಿದರಂತೆ. ಪಿತ್ತಜನಕಾಂಗ, ಅಂದರೆ ಡಾಕ್ಟರುಗಳೂ ಕಟುಕರೂ ಒಂದೇ ಬಾಯಲ್ಲಿ ಲಿವರ್ ಎನ್ನುವ ಅಂಗ, ಹರಿದಿತ್ತು. ಲಿವರ್ ಹರಿದರೆ ಹೊಲಿಯುವುದು ಸುಲಭವಲ್ಲ; ಬೆಣ್ಣೆಗೆ ಹೊಲಿಗೆ ಹಾಕಿದ ಹಾಗೆ, ದಾರ ಎಳೆದಲ್ಲೆಲ್ಲ ಇನ್ನೊಂದು ಸೀಳು. ಸರ್ಜನ್ ಮಹಾಶಯರು ಎಳೆದೆಳೆದು ಬೆವರಿ ಕೈಚೆಲ್ಲಿದಾಗ ಇವರು ಬಟ್ಟೆಯ ಮಡಿಕೆಯೊಂದನ್ನು ಗಾಯದ ಮೇಲಿಟ್ಟು ಒತ್ತಿ ಹಿಡಿದರು. ಬಿಟ್ಟಾಗ ರಕ್ತ ನಿಂತಿತ್ತು. ಸರ್ಜನ್ ಗ್ಲೌಸು ಕಳಚುತ್ತ, "ನಿಮ್ಮ ಕೈಗುಣ ಸಿಸ್ಟರ್," ಅಂದರು. ದಣಿದ ಮನುಷ್ಯ, ಆಮೇಲೆ ಟೀ ತಂದುಕೊಟ್ಟವನಿಗೂ ಅದನ್ನೇ ಹೇಳಿರಬಹುದು. ಅತ್ತೆಗೆ ಮಾತ್ರ ಆ ಮಾತು ಪೆನ್ಶನ್ನಿಗಿಂತ ಭದ್ರವಾಗಿ ಉಳಿದುಬಂತು.

ಕೈಗುಣ ಎನ್ನುವುದು ಬಹಳ ಅನುಕೂಲದ ವಸ್ತು. ಅದನ್ನು ಕಾಲೇಜಿನಲ್ಲಿ ಕಲಿಸುವುದಿಲ್ಲ, ಪರೀಕ್ಷೆಯಲ್ಲಿ ಕೇಳುವುದಿಲ್ಲ, ಅಂಗಡಿಯಲ್ಲಿ ತೂಗಿ ಕೊಡುವುದಿಲ್ಲ. ಒಬ್ಬರಿಗೆ ಇದೆ ಎಂದು ನಾಲ್ಕು ಜನ ಹೇಳಿದರೆ ಮುಗಿಯಿತು, ಇದೆ. ವಾಸಿಯಾದವರು ಹೋದಲ್ಲೆಲ್ಲ ಅದನ್ನು ಸಾರುತ್ತಾರೆ. ವಾಸಿಯಾಗದವರು ಇಲ್ಲವೆಂದು ಸಾಕ್ಷಿ ಹೇಳಲು ಎದ್ದು ಬರುವುದಿಲ್ಲ.

ನಿವೃತ್ತಿಯಾದ ಮೇಲೆ ಆ ಕೈ ಮಗಳ ಮನೆಗೆ ಬಂತು, ಜೊತೆಗೆ ಅತ್ತೆಯೂ ಬಂದರು. ಮೂರನೆಯ ಮಹಡಿಯ ಸಣ್ಣ ಮನೆ. ಅಳಿಯ ಮುಚ್ಚಿದ ಡಬ್ಬಿ ಸರಿಯಾಗಿ ಮುಚ್ಚಿರುತ್ತಿರಲಿಲ್ಲ, ಮಗಳು ಮಡಿಸಿದ ಬಟ್ಟೆ ಮಡಿಸಿದಂತಿರುತ್ತಿರಲಿಲ್ಲ. ಅಡುಗೆಮನೆಯ ನಲ್ಲಿ ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಿತ್ತು. ಅಳಿಯ ವಾಷರ್ ಬದಲಿಸಿದರೂ, ನೂಲು ಸುತ್ತಿದರೂ, ಬೈದರೂ ನಿಲ್ಲಲಿಲ್ಲ. ಅತ್ತೆ ಬಂದು ಹಿಡಿಯನ್ನು ಒಮ್ಮೆ ಒತ್ತಿ ತಿರುಗಿಸಿದರು. ನಿಂತಿತು.

"ಏನು ಮಾಡಿದ್ರಿ ಅತ್ತೆ?"

"ಏನಿಲ್ಲ. ನೀವು ನಿಮ್ಮ ಪುಡಿ ಹಾಕಿ ನೋಡಬಹುದಿತ್ತು ಅಳಿಯಂದಿರೇ."

ಇದು ಕಾಲು ಕೆರೆಯುವ ಮಾತು. ಪುಡಿ ಎಂದರೆ ಅಳಿಯನ ಬದುಕು. ಔಷಧಿ ಸಾಮಾನು ತಯಾರಿಸುವ ಕಂಪನಿಯೊಂದರಲ್ಲಿ ಅವನು ರಸಾಯನಶಾಸ್ತ್ರಜ್ಞ. ಸೀಗಡಿಯ ಸಿಪ್ಪೆಯಿಂದ ಬಿಳಿಯ ಪುಡಿಯೊಂದನ್ನು ತೆಗೆದು, ಹೊಟ್ಟೆಯೊಳಗಿನ ಅಂಗಗಳ ಗಾಯದ ಮೇಲೆ ಚಿಮುಕಿಸಿದರೆ ರಕ್ತ ಹೆಪ್ಪುಗಟ್ಟಿ ನಿಲ್ಲುವಂತೆ ಮಾಡಬೇಕೆಂದು ವರ್ಷಗಟ್ಟಲೆ ಒದ್ದಾಡಿದವನು. ಸೂಜಿ ಹಾಕಲಾಗದ ಕಡೆ ಪುಡಿ ಕೆಲಸ ಮಾಡಬೇಕು, ಅದೂ ಯಾರು ಹಾಕಿದರೂ. ಮೊದಲ ಪುಡಿ ಉಂಡೆ ಕಟ್ಟಿತು. ಎರಡನೆಯದು ರಕ್ತದ ಜೊತೆ ತೇಲಿಹೋಯಿತು. ಮೂರನೆಯದು ಅಂಟಿತು, ಆದರೆ ಗಾಯಕ್ಕಲ್ಲ, ಬಟ್ಟೆಗೆ. ಈಗಿನದಕ್ಕೆ ಸಂಖ್ಯೆಯಿಡುವುದನ್ನು ಅವನು ಬಿಟ್ಟುಬಿಟ್ಟಿದ್ದ. ಇದೂ ಕೈಕೊಟ್ಟರೆ ಕಂಪನಿ ಅವನನ್ನು ಹಲ್ಲುಪುಡಿ ವಿಭಾಗಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಪುದಿನದ ವಾಸನೆ ಹೆಚ್ಚಿರಬೇಕೋ ಕಡಿಮೆಯಿರಬೇಕೋ ಎಂಬ ಗಹನವಾದ ಪ್ರಶ್ನೆ ಬಹಳ ಕಾಲದಿಂದ ಅವನಂಥವನೊಬ್ಬನಿಗಾಗಿ ಕಾದಿತ್ತು.

ಇಂಥ ಹೊತ್ತಿನಲ್ಲಿ ಪರೀಕ್ಷಾ ವಿಭಾಗದಲ್ಲಿ ಗಾಯ ಒತ್ತಿ ಹಿಡಿಯುವ ಕೆಲಸದವಳು ಹೆರಿಗೆಗೆಂದು ರಜೆ ಹಾಕಿದಳು. ಅಳಿಯನ ತಲೆಯಲ್ಲಿ ದೀಪ ಹೊತ್ತಿತು. ಮನೆಗೆ ನೆಮ್ಮದಿ, ಪುಡಿಗೆ ಪಳಗಿದ ಕೈ.

"ರೀ, ಯೋಚನೆ ಮಾಡಿ," ಅಂದಳು ಹೆಂಡತಿ. "ಅಮ್ಮನ್ನ ಮನೆಯಿಂದ ತಪ್ಪಿಸೋಕೆ ಆಫೀಸಿಗೆ ಸೇರಿಸ್ತೀರಾ? ಮನೆಗಿಂತ ಹೆಚ್ಚು ಹೊತ್ತು ನೀವು ಅಲ್ಲೇ ಇರೋದು."

"ಅವರ ಕೋಣೆಗೆ ನಾನು ಕಾಲಿಡೋ ಹಾಗಿಲ್ಲ. ಪುಡಿ ಮಾಡಿದವನು ಪರೀಕ್ಷೆ ಮಾಡೋ ಜಾಗದಲ್ಲಿ ಇರಬಾರದು. ಅದು ನಿಯಮ."

"ಇಷ್ಟು ಒಳ್ಳೆ ನಿಯಮ ಇದೆ ಅಂತ ಮೊದಲೇ ಗೊತ್ತಿದ್ರೆ ಅಡುಗೆಮನೆಗೂ ಹಾಕ್ತಿದ್ದೆ," ಅಂದಳು ಅವಳು.

ಹೀಗೆ ಅತ್ತೆ ಕೆಲಸಕ್ಕೆ ಸೇರಿದರು. ಬಿಳಿ ಟೈಲ್ಸಿನ ಕೋಣೆ, ನೆಲದಲ್ಲಿ ನೀರು ಹೋಗಲು ಜಾಲರಿ, ಗೋಡೆಯ ಮೇಲೆ ದೊಡ್ಡ ಮುಳ್ಳಿನ ಗಡಿಯಾರ, ಒಂದು ಬದಿಗೆ ಗಾಜಿನ ಕಿಟಕಿ. ಕಿಟಕಿಯಾಚೆ ನಿಂತವರಿಗೆ ಒಳಗಿನ ಮಾತು ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಮೇಜಿನ ಮೇಲೆ ಮಲಗುತ್ತಿದ್ದದ್ದು ಹಂದಿ. ಅದಕ್ಕೆ ಅರಿವಳಿಕೆ ಕೊಡುತ್ತಿದ್ದ ಪಶುವೈದ್ಯ ಭಾರೀ ದೇಹದ, ಸಣ್ಣ ದನಿಯ ಮನುಷ್ಯ. ಮನುಷ್ಯರನ್ನು ಏಕವಚನದಲ್ಲೂ ಹಂದಿಗಳನ್ನು ಬಹುವಚನದಲ್ಲೂ ಮಾತಾಡಿಸುತ್ತಿದ್ದ. "ಮಲಗಿ ಸ್ವಾಮಿ, ಆಯ್ತು, ಇನ್ನೇನೂ ಗೊತ್ತಾಗಲ್ಲ ನಿಮಗೆ," ಎಂದು ಸೂಜಿ ಚುಚ್ಚುತ್ತಿದ್ದ. ಅವನು ಹೇಳಿದ್ದು ನಿಜ. ಅವುಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಪರೀಕ್ಷೆ ಮುಗಿದ ಮೇಲೆ ಅವು ಏಳುತ್ತಲೂ ಇರಲಿಲ್ಲ. ಆಸ್ಪತ್ರೆಯಲ್ಲಿ ಹೊಟ್ಟೆ ತೆರೆಸಿಕೊಂಡು ಮಲಗುವವರು ಇದನ್ನು ತಿಳಿದಿರುವುದು ಒಳ್ಳೆಯದು. ತಿಳಿಯಲು ಯಾರೂ ಇಷ್ಟಪಡುವುದಿಲ್ಲ.

ಕೆಲಸ ಹೀಗೆ. ಪಶುವೈದ್ಯ ಲಿವರಿನ ಮೇಲೆ ನಾಣ್ಯದಗಲ ಕೆರೆದು ಗಾಯ ಮಾಡುತ್ತಾನೆ. ಅದರ ಮೇಲೆ ಒಂದು ಪೊಟ್ಟಣದ ಪುಡಿ ಸುರಿಯುತ್ತಾನೆ. ಕೆಲವು ಪೊಟ್ಟಣದಲ್ಲಿ ಅಳಿಯನ ಪುಡಿ, ಕೆಲವುಗಳಲ್ಲಿ ಬರೀ ಜೋಳದ ಹಿಟ್ಟು. ಎರಡೂ ಬಿಳಿ, ಎರಡೂ ನುಣುಪು. ಯಾವುದರಲ್ಲಿ ಯಾವುದಿದೆ ಎಂಬುದು ವಿಭಾಗದ ಮುಖ್ಯಸ್ಥೆಗೆ ಬಿಟ್ಟು ಯಾರಿಗೂ ತಿಳಿಯದು. ಪುಡಿಯ ಮೇಲೆ ಬಟ್ಟೆಯ ಮಡಿಕೆಯಿಟ್ಟು ಮೂರು ನಿಮಿಷ ಒತ್ತಿ ಹಿಡಿಯಬೇಕು, ಆಮೇಲೆ ಎತ್ತಬೇಕು. ಎತ್ತಿದಾಗ ಪಶುವೈದ್ಯ ಮೂರು ಮಾತಿನಲ್ಲಿ ಒಂದನ್ನು ಹೇಳಬೇಕು: ಹರಿಯುತ್ತಿದೆ, ಜಿನುಗುತ್ತಿದೆ, ನಿಂತಿದೆ. ಪುಡಿ ಒಳ್ಳೆಯದಾದರೆ ಪುಡಿ ಹಾಕಿದಲ್ಲಿ ನಿಲ್ಲುತ್ತದೆ, ಹಿಟ್ಟು ಹಾಕಿದಲ್ಲಿ ಹರಿಯುತ್ತದೆ. ಎಷ್ಟು ದೊಡ್ಡ ವಿಜ್ಞಾನವಾದರೂ ಕೊನೆಗೆ ಇಷ್ಟೇ.

ಮೊದಲ ಸುತ್ತಿನ ದಿನ ಅಳಿಯ ಗಾಜಿನ ಹಿಂದೆ ನಿಂತಿದ್ದ. ಅತ್ತೆ ಮಡಿಕೆಯಿಟ್ಟು ಒತ್ತಿದರು. ಮುಖದಲ್ಲಿ ಒಂದು ಗೆರೆ ಆಚೀಚೆಯಾಗಲಿಲ್ಲ. ಎತ್ತಿದರು.

"ನಿಂತಿದೆ," ಅಂದ ಪಶುವೈದ್ಯ.

ಅಳಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎರಡನೆಯದೂ ನಿಂತಿತು. ಮೂರನೆಯದೂ ನಿಂತಿತು. ನಾಲ್ಕನೆಯದಕ್ಕೆ ಅವನ ಸಂತೋಷ ಸ್ವಲ್ಪ ಹುಳಿಯಾಗತೊಡಗಿತು. ಎಲ್ಲ ಪೊಟ್ಟಣವೂ ಅವನದಲ್ಲವಲ್ಲ. ಸಂಜೆಯ ಹೊತ್ತಿಗೆ ಆ ಕೋಣೆಯಲ್ಲಿ ನಿಲ್ಲದೆ ಉಳಿದದ್ದು ಗಡಿಯಾರ ಒಂದೇ. ಪಶುವೈದ್ಯ ಖುಷಿಯಾಗಿ, "ನಿಮ್ಮಂಥ ಚೊಕ್ಕ ಕೆಲಸ ನಾನು ನೋಡಿಯೇ ಇಲ್ಲಮ್ಮ," ಎನ್ನುತ್ತಿದ್ದ. ಅವನು ಬಹುವಚನಕ್ಕೆ ಏರಿಸಿದ ಮೊದಲ ಮನುಷ್ಯಪ್ರಾಣಿ ಅತ್ತೆಯೇ. ಅತ್ತೆ ಗ್ಲೌಸು ಕಳಚುತ್ತ ಗಾಜಿನ ಕಡೆ ನೋಡಿ, ಇದೆಲ್ಲ ತಮಗೆ ನೀರು ಕುಡಿದ ಹಾಗೆ ಎಂಬಂತೆ ತಲೆಯಾಡಿಸಿದರು.

ಮುಖ್ಯಸ್ಥೆ ಮರುದಿನ ಅಳಿಯನನ್ನು ಕರೆಸಿದಳು. ನಗುವುದನ್ನು ಯಾವುದೋ ಹಳೆಯ ಲೆಕ್ಕಪರಿಶೋಧನೆಯಲ್ಲಿ ಕಳೆದುಕೊಂಡವಳು. "ನಿಮ್ಮ ಪುಡಿಗೂ ಜೋಳದ ಹಿಟ್ಟಿಗೂ ವ್ಯತ್ಯಾಸವೇ ಇಲ್ಲ," ಅಂದಳು. "ಹಿಟ್ಟು ಅಗ್ಗ ಅನ್ನೋದೊಂದು ಬಿಟ್ಟರೆ."

"ಮೇಡಂ, ಅದು ಪುಡಿಯಿಂದಲ್ಲ. ಒತ್ತೋ ಕೈಯಿಂದ."

"ಅಂದ್ರೆ?"

"ಆ ಕೈ ಒತ್ತಿದರೆ ಹಿಟ್ಟು ಹಾಕಿದ್ರೂ ನಿಲ್ಲುತ್ತೆ. ಬೂದಿ ಹಾಕಿದ್ರೂ ನಿಲ್ಲುತ್ತೆ. ಅವರಿಗೆ ಕೈಗುಣ..." ಎಂದವನು ನಾಲಿಗೆ ಕಚ್ಚಿಕೊಂಡ.

ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ವರದಿಯಲ್ಲಿ ಏನು ಬರೀಲಿ? ಪುಡಿ ಪರಿಣಾಮಕಾರಿ, ಆದರೆ ಅತ್ತೆ ಹೆಚ್ಚು ಪರಿಣಾಮಕಾರಿ ಅಂತಲಾ? ಅವರನ್ನ ತಂದವರು ಯಾರು?"

"ನಾನೇ."

"ಸರಿ. ನಿಮ್ಮ ಪುಡಿ ನಿಮ್ಮ ಅತ್ತೆ ಎದುರು ಸೋತಿದೆ ಅಂತ ಹೇಳ್ತಿದ್ದೀರಿ. ಮನೆ ಜಗಳ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿದೆ. ಆದರೂ ಒಮ್ಮೆ ನೋಡಿಬಿಡೋಣ."

ನೋಡಿದ್ದು ಕ್ಯಾಂಟೀನಿನಿಂದ ತರಿಸಿದ ತಕ್ಕಡಿಯಲ್ಲಿ. ಅಂಕಿ ತೋರಿಸುವ ತಕ್ಕಡಿಯ ತಟ್ಟೆಯ ಮೇಲೆ ಸ್ಪಂಜು, ಅದರೊಳಗೆ ಒಂದು ಕೊಳವೆ, ಕೊಳವೆಯಲ್ಲಿ ಬಣ್ಣ ಕಲಸಿದ ಬೆಚ್ಚನೆಯ ನೀರು. ಅತ್ತೆ ಮಡಿಕೆಯಿಟ್ಟು ಒಂದೇ ಸಮನೆ ಒತ್ತಬೇಕು. ಅಂಕಿ ಕಾಣದಂತೆ ಮುಖ ಗೋಡೆಯ ಕಡೆಗಿರಬೇಕು. ಅವರು ಗೋಡೆ ನೋಡುತ್ತ, ಗೋಡೆಯ ಬಣ್ಣ ಸರಿಯಾಗಿ ಬಳಿದಿಲ್ಲವೆಂಬುದನ್ನು ಗಮನಿಸುತ್ತ ಒತ್ತಿದರು. ಪಶುವೈದ್ಯ ನೀರು ಬಿಟ್ಟ. ಮಡಿಕೆಗೆ ತೇವ ತಾಗುತ್ತಲೇ ಅಂಕಿ ಏರಿತು. ನೀರು ಹೆಚ್ಚಿಸಿದ, ಇನ್ನೂ ಏರಿತು. ನಿಲ್ಲಿಸಿದ, ಅಂಕಿ ಮೆಲ್ಲಗೆ ಇಳಿದು ಮೊದಲಿನಲ್ಲಿಗೆ ಬಂದು ಕೂತಿತು. ಅತ್ತೆಯ ತೋಳು, ಭುಜ, ಮುಖ, ಯಾವುದೂ ಅಲುಗಿರಲಿಲ್ಲ.

"ಎಲ್ಲದಕ್ಕೂ ಒಂದೇ ಸಮ ಒತ್ತಿದ್ರಾ?" ಮುಖ್ಯಸ್ಥೆ ಕೇಳಿದಳು.

"ಒಂದೇ ಸಮ. ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ."

ಅಂಕಿಗಳನ್ನು ತೋರಿಸಿದರು. ಅತ್ತೆ ಅವುಗಳನ್ನು, ಸುಳ್ಳು ಹೇಳಿ ಸಿಕ್ಕಿಬಿದ್ದ ಕೆಲಸದವಳನ್ನು ನೋಡುವ ಹಾಗೆ ನೋಡಿದರು. "ತಕ್ಕಡಿ ಕೆಟ್ಟಿದೆ," ಅಂದರು.

ತಕ್ಕಡಿ ಕೆಟ್ಟಿರಲಿಲ್ಲ. ಗಾಯ ಎಷ್ಟು ಕೇಳುತ್ತದೋ ಅಷ್ಟನ್ನು ಆ ಕೈ ತನ್ನಷ್ಟಕ್ಕೆ ಕೊಡುತ್ತಿತ್ತು, ಒಡತಿಯನ್ನು ಕೇಳದೆ. ಪುಡಿ ಹಾಕಿದಲ್ಲಿ ಹೆಚ್ಚು ಬೇಕಾಗಿರಲಿಲ್ಲ, ಕೊಡಲಿಲ್ಲ. ಹಿಟ್ಟು ಹಾಕಿದಲ್ಲಿ ಬೇಕಾಗಿತ್ತು, ಕೊಟ್ಟಿತು. ಹಿಟ್ಟಿನಲ್ಲಿ ಕೊರತೆಯಾದದ್ದನ್ನೆಲ್ಲ ಅತ್ತೆಯ ಕೈ ಧಾರಾಳವಾಗಿ ತುಂಬಿಕೊಟ್ಟು, ಅಳಿಯನ ವರ್ಷಗಟ್ಟಲೆಯ ದುಡಿಮೆಯನ್ನು ಜೋಳದ ಹಿಟ್ಟಿನ ಸಮಕ್ಕೆ ತಂದು ಕೂರಿಸಿತ್ತು. ಕೈಗುಣ ಎಂದು ಊರು ಕರೆದದ್ದು ಇದನ್ನೇ. ಪರೀಕ್ಷೆಯ ಭಾಷೆಯಲ್ಲಿ ಇದಕ್ಕೆ ದೋಷ ಎಂದು ಹೆಸರು.

ಮುಖ್ಯಸ್ಥೆ ಇನ್ನೊಂದು ಸುತ್ತಿಗೆ ಒಪ್ಪಿದಳು, ಅದೇ ಕೊನೆಯದು. ಕೈ ಬೇಡ, ಉಕ್ಕಿನ ತೂಕವೊಂದನ್ನು ಇಡುವುದು. ಕಾರ್ಯಾಗಾರದವರು ಹಿಡಿಯಿರುವ ದುಂಡನೆಯ ತೂಕದ ಬಟ್ಟೊಂದನ್ನು ಕಡೆದು ಕೊಟ್ಟರು. ಪಶುವೈದ್ಯ ಅದಕ್ಕೆ 'ಸಣ್ಣ ಸಿಸ್ಟರ್' ಎಂದು ಹೆಸರಿಟ್ಟ, ಬಹುವಚನದಲ್ಲೇ ಮಾತಾಡಿಸಿದ. ಆದರೆ ರಕ್ತ ಕೈಮೀರಿ ಪ್ರಾಣಿ ನಡುವೆಯೇ ಸಾಯದಂತೆ ಒತ್ತಿ ಹಿಡಿಯಲು ಪಳಗಿದವರೊಬ್ಬರು ಪಕ್ಕದಲ್ಲಿರಲೇಬೇಕೆಂದು ಅವನದೇ ಹಟ. ಹಾಗೆ ಕೈಯಿಟ್ಟರೆ ಆ ಗಾಯ ಲೆಕ್ಕಕ್ಕಿಲ್ಲ. ಒಂದೇ ಒಂದು ಗಾಯ ಲೆಕ್ಕದಿಂದ ಬಿಟ್ಟುಹೋದರೂ ಸುತ್ತು ಅಪೂರ್ಣ, ಅಪೂರ್ಣವಾದರೆ ಕಡತ ಮುಚ್ಚುತ್ತೇನೆ ಎಂದಳು ಮುಖ್ಯಸ್ಥೆ. ಪಕ್ಕದಲ್ಲಿರಬೇಕಾದ ಪಳಗಿದವರು ಅತ್ತೆಯಲ್ಲದೆ ಬೇರೆ ಯಾರೂ ಇರಲಿಲ್ಲ. ಅಳಿಯನ ಹಲ್ಲುಪುಡಿಯ ಭವಿಷ್ಯ ಪೂರ್ತಿಯಾಗಿ ಅತ್ತೆಯ ಕೈಯಲ್ಲಿತ್ತು. ಕೈ ಸುಮ್ಮನಿದ್ದರೆ ಅವನು ಉಳಿಯಬಹುದು, ಕೈ ಎದ್ದರೆ ಪುದಿನ.

ಆ ಸುತ್ತಿನ ಹಿಂದಿನ ಸಂಜೆ ಊಟದ ಮೇಜಿನ ಮೇಲೆ ಮೂರು ತಟ್ಟೆಗಳು, ನಾಲ್ಕನೆಯ ವಸ್ತುವಾಗಿ ಆ ವಿಷಯ.

"ಒಂದು ಕಬ್ಬಿಣದ ತುಂಡು," ಅಂದರು ಅತ್ತೆ. "ನನ್ನ ಜಾಗಕ್ಕೆ ಒಂದು ಕಬ್ಬಿಣದ ತುಂಡು."

"ಉಕ್ಕು ಅತ್ತೆ."

"ಹಾಗಾದ್ರೆ ಪರವಾಗಿಲ್ಲ. ಮರ್ಯಾದೆ ಉಳೀತು."

ಮಗಳು ನೀರಿನ ಜಗ್ಗನ್ನು ಇಬ್ಬರ ನಡುವೆ ಗೋಡೆಯ ಹಾಗೆ ಇಟ್ಟಳು. "ಅಮ್ಮ, ಅವರು ನಿನ್ನ ಕೈ ಕೆಟ್ಟದ್ದು ಅಂತಿಲ್ಲ. ಒಳ್ಳೇದು ಅಂತಲೇ ತೆಗೀತಿರೋದು."

"ಒಳ್ಳೇದಾದ್ರೆ ಯಾಕೆ ತೆಗೀತಾರೆ?"

"ಅತ್ತೆ, ನೀವು ಎಲ್ಲ ಆಪರೇಷನ್ನಲ್ಲೂ ಇರೋಕಾಗುತ್ತಾ?" ಅಳಿಯ ತಟ್ಟೆ ಸರಿಸಿ ಮುಂದೆ ಬಾಗಿದ. "ಎಲ್ಲೋ ಒಂದು ಸಣ್ಣ ಆಸ್ಪತ್ರೆ. ಕೆಲಸಕ್ಕೆ ಹೊಸದಾಗಿ ಬಂದಿರೋ ಹುಡುಗಿ, ಕೈ ನಡುಗುತ್ತೆ. ಅವಳು ಹಾಕಿದ್ರೂ ನಿಲ್ಲಬೇಕು, ಅದಕ್ಕೆ ಪುಡಿ. ನಿಮ್ಮ ಕೈಗೆ ಪುಡಿ ಬೇಕಾಗಿಲ್ಲ, ಒಪ್ಪಿದೆ. ನೀವಿಲ್ಲದ ಕಡೆಗೆ ಬೇಕು."

"ಕೈ ನಡುಗೋ ಹುಡುಗಿಯನ್ನ ಆಪರೇಷನ್ ಥಿಯೇಟರ್ ಒಳಗೆ ಬಿಟ್ಟವರು ಯಾರು?"

ಅಳಿಯ ಇನ್ನೊಂದು ದಾರಿ ಹಿಡಿದ. "ನಾಳೆ ರಕ್ತ ಬಂದ್ರೆ ಬರಲಿ ಅಂತ ಸ್ವಲ್ಪ ಸುಮ್ಮನಿರಿ. ಅಷ್ಟೇ ಕೇಳ್ತಿರೋದು. ಆ ಪ್ರಾಣಿ ಹೇಗೂ ಮತ್ತೆ ಏಳಲ್ಲ."

"ಏಳಲ್ಲ ಅಂತ ನಿಮಗೆ ಗೊತ್ತು. ನನಗೂ ಗೊತ್ತು. ಕೈಗೆ ಗೊತ್ತಾ?"

"ಕೈಗೆ ಹೇಳಿ."

"ಇಷ್ಟು ವರ್ಷ ಅದು ನಾನು ಹೇಳಿದ್ದು ಕೇಳಿಲ್ಲ ಅಂತ ನೀವೇ ತಾನೇ ತಕ್ಕಡಿ ಇಟ್ಟು ತೋರಿಸಿದ್ದು?"

ಮಗಳು ನಗು ತಡೆಯಲು ನೀರು ಕುಡಿದಳು, ಅದು ನೆತ್ತಿಗೇರಿತು. ಅತ್ತೆ ಅವಳ ಬೆನ್ನ ಮೇಲೆ ಒಂದು ಏಟು ಕೊಟ್ಟರು, ಕೆಮ್ಮು ನಿಂತಿತು. ಅಳಿಯ ಆ ಕೈಯನ್ನೇ ನೋಡಿದ.

ಅತ್ತೆ ಎದ್ದು ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದರು: "ನಿಮ್ಮ ಪುಡಿ ನಿಲ್ಲಿಸಿದ್ರೆ ಸರಿ. ನಿಲ್ಲಿಸದಿದ್ರೆ ನಾನು ನಿಲ್ಲಿಸ್ತೀನಿ. ನನ್ನ ಕಣ್ಣೆದುರು ಹರೀತಿರೋ ರಕ್ತ ನೋಡ್ಕೊಂಡು ನಿಂತವಳಲ್ಲ ನಾನು, ಈ ವಯಸ್ಸಲ್ಲಿ ಕಲಿಯೋದೂ ಇಲ್ಲ."

ಅಳಿಯನಿಗೆ ಆ ಇರುಳು ಹೇಗೆ ಕಳೆಯಿತು ಎನ್ನುವುದರಲ್ಲಿ ವಿಶೇಷವೇನಿಲ್ಲ. ಬೆಳಿಗ್ಗೆ ಅವನು ಹಲ್ಲುಜ್ಜುವಾಗ ಪೇಸ್ಟಿನ ಕೊಳವೆಯ ಮೇಲೆ ಬರೆದದ್ದನ್ನು ಪೂರ್ತಿ ಓದಿದ, ಅಷ್ಟೇ.

ಅತ್ತೆ ಬರುವುದಿಲ್ಲ, ರಾಜೀನಾಮೆ ಎಸೆಯುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಪಶುವೈದ್ಯನಂತೂ ವಿದಾಯದ ಮಾತು ತಯಾರು ಮಾಡಿದ್ದ. ಅತ್ತೆ ಎಲ್ಲರಿಗಿಂತ ಮೊದಲೇ ಬಂದು, ಮೊಣಕೈವರೆಗೆ ತೊಳೆದು, ಗ್ಲೌಸು ತೊಟ್ಟು, ಮೇಜಿನಿಂದ ಅಳತೆಯ ದೂರದಲ್ಲಿ ನಿಂತಿದ್ದರು. ಕೈಗಳನ್ನು ಎದೆಯ ಮುಂದೆ ಜೋಡಿಸಿ ಎತ್ತಿ ಹಿಡಿದಿದ್ದರು, ಆಪರೇಷನ್ ಕೋಣೆಯಲ್ಲಿ ನಿಲ್ಲುವ ಹಾಗೆ. ಗಾಜಿನ ಕಡೆಗೆ ತಿರುಗಿಯೂ ನೋಡಲಿಲ್ಲ.

ಬಟ್ಟು ತನ್ನ ಕೆಲಸ ಮಾಡಿತು. ಅದಕ್ಕೆ ಜಂಬವಿರಲಿಲ್ಲ, ಮಮತೆಯೂ ಇರಲಿಲ್ಲ. ಮೊದಲ ಗಾಯದಲ್ಲಿ, "ನಿಂತಿದೆ." ಎರಡನೆಯದರಲ್ಲಿ, "ಜಿನುಗುತ್ತಿದೆ." ಅತ್ತೆಯ ಬಲಗೈಯ ಬೆರಳುಗಳು ಎಡಗೈಯೊಳಗೆ ಒಮ್ಮೆ ಮಿಸುಕಿದವು. ಮೂರನೆಯದು ನಿಂತಿತು. ನಾಲ್ಕನೆಯದು ಜಿನುಗಿತು. ಗಾಜಿನ ಹಿಂದೆ ಅಳಿಯ ಬೆರಳು ಮಡಿಸಿ ಎಣಿಸುವುದನ್ನು ಬಿಟ್ಟ. ಯಾವುದು ಯಾರದೆಂದು ತಿಳಿಯದ ಮೇಲೆ ಎಣಿಸಿ ಮಾಡುವುದೇನು? ಪ್ರಾಣಿಗಳು ಬದಲಾದವು. ಪಶುವೈದ್ಯ ಪ್ರತಿಯೊಂದಕ್ಕೂ ತನ್ನ ಬಹುವಚನದ ಜೋಗುಳ ಹೇಳಿದ.

ಕೊನೆಯ ಪ್ರಾಣಿಯ ಕೊನೆಯ ಗಾಯ ಸ್ವಲ್ಪ ಆಳವಾಯಿತು. ಬ್ಲೇಡು ಜಾರಿತೋ, ಒಳಗೆ ರಕ್ತನಾಳವೊಂದು ಮೇಲೆ ಬಂದು ಕೂತಿತ್ತೋ. ಪೊಟ್ಟಣ ಸುರಿದು, ಮಡಿಕೆ ಹಾಕಿ, ಬಟ್ಟಿಟ್ಟರು. ಸ್ವಲ್ಪ ಹೊತ್ತಿಗೆ ಮಡಿಕೆಯ ಅಂಚು ಕೆಂಪಾಯಿತು, ಆ ಕೆಂಪು ಬಟ್ಟಿನ ಬುಡಕ್ಕೆ ಹಬ್ಬಿ, ಅಲ್ಲಿಂದ ಒಂದು ಎಳೆ ಕೆಳಗಿಳಿಯಿತು.

ಆ ಪೊಟ್ಟಣದಲ್ಲಿದ್ದದ್ದು ಜೋಳದ ಹಿಟ್ಟು. ಮುಂದಿನ ವಾರ ಮುಖ್ಯಸ್ಥೆ ಗುಟ್ಟು ಬಿಚ್ಚಿದಾಗ ತಿಳಿಯಿತು. ಅಳಿಯನ ಪುಡಿ ಲೋಕವನ್ನು ಬೆರಗುಗೊಳಿಸದಿದ್ದರೂ ಹಿಟ್ಟಿಗಿಂತ ಎಷ್ಟೋ ಮೇಲೆಂದು ಗೊತ್ತಾಯಿತು. ಕಂಪನಿ ಅದನ್ನು ಮುಂದಿನ ಹಂತಕ್ಕೆ ಕಳಿಸಿತು, ಪುದಿನದ ಪ್ರಶ್ನೆ ಮತ್ತೊಬ್ಬ ಪುಣ್ಯವಂತನಿಗಾಗಿ ಕಾಯತೊಡಗಿತು. ಆದರೆ ಅದೆಲ್ಲ ಆಮೇಲಿನ ಮಾತು. ಆ ಹೊತ್ತಿನಲ್ಲಿ ಆ ಕೋಣೆಯೊಳಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಮಡಿಕೆಯ ಕೆಳಗಿರುವುದು ಹಿಟ್ಟೂ ಆಗಿರಬಹುದಿತ್ತು, ಅಳಿಯನ ಪುಡಿಯೂ ಆಗಿರಬಹುದಿತ್ತು.

ಅಳಿಯ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದ. ಅತ್ತೆ ಒತ್ತಿದರೆ ಎಲ್ಲ ಮಣ್ಣುಪಾಲು. ಒತ್ತದಿದ್ದರೆ, ಹರಿಯುತ್ತಿರುವುದು ತನ್ನದೇ ಪುಡಿಯಾಗಿದ್ದರೆ? ಒತ್ತಲಿ ಎಂದು ಬಯಸಬೇಕೋ ಬೇಡವೆಂದು ಬಯಸಬೇಕೋ ಅವನಿಗೆ ತೋಚಲಿಲ್ಲ. ಇಷ್ಟು ಓದಿದವನಿಗೆ ಸರಿಯಾಗಿ ಬಯಸಲೂ ಬರಲಿಲ್ಲ.

ಸ್ಪೀಕರಿನಲ್ಲಿ ಪಶುವೈದ್ಯನ ಸಣ್ಣ ದನಿ ಇನ್ನೂ ಸಣ್ಣಗಾಗಿತ್ತು. "ಅಮ್ಮಾ, ಇದು ಸ್ವಲ್ಪ ಜಾಸ್ತಿಯಾಯ್ತು. ಬೇಕಾದ್ರೆ ಒತ್ತಿಬಿಡಿ. ಯಾರೂ ನಿಮ್ಮನ್ನ ಏನೂ ಅನ್ನಲ್ಲ."

ಅತ್ತೆಯ ಬಲಗೈ ಆಗಲೇ ಹೊರಟಿತ್ತು. ಅವನ ಮಾತು ಮುಗಿಯುವ ಮೊದಲೇ ಅದು ಎದೆಯಿಂದ ಬಿಟ್ಟುಕೊಂಡು ಮೇಜಿನ ಮೇಲೆ ಬಂದಿತ್ತು. ಬೆರಳುಗಳು ಮಡಿಕೆಯ ಆಕಾರಕ್ಕೆ ಬಾಗಿದ್ದವು. ಬಟ್ಟಿಗೂ ಬೆರಳಿಗೂ ನಡುವೆ ಒಂದು ಅಂಗುಲ ಉಳಿದಿತ್ತು. ಅಲ್ಲಿ ಅದು ನಿಂತಿತು. ನಡುಗಿತು ಕೂಡ, ಆ ಕೈ ನಡುಗಿದ್ದನ್ನು ಅಳಿಯ ಆ ಮೊದಲು ಕಂಡಿರಲಿಲ್ಲ.

ಕೆಂಪು ಎಳೆ ಮೇಜಿನ ಅಂಚು ಮುಟ್ಟಿ, ನೆಲದ ಜಾಲರಿಯ ಕಡೆಗೆ ಹನಿಯತೊಡಗಿತು.

ಅತ್ತೆ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಎದೆಯ ಮುಂದೆ ಎತ್ತಿ ಹಿಡಿಯಲಿಲ್ಲ. ಗ್ಲೌಸು ತೊಟ್ಟ ಆ ಬಲಗೈಯನ್ನು ಎಡಗಂಕುಳಿನೊಳಗೆ ಆಳವಾಗಿ ತುರುಕಿ, ಮೇಲೆ ಎಡತೋಳನ್ನು ಬಿಗಿದು ಕೈಕಟ್ಟಿ ನಿಂತರು. ಆಪರೇಷನ್ ಕೋಣೆಯಲ್ಲಿ ಕಂಕುಳಿಗೆ ತಾಗಿದ ಗ್ಲೌಸು ಹೊಲಸಾದಂತೆ. ಅದು ಮತ್ತೆ ಗಾಯ ಮುಟ್ಟುವಂತಿಲ್ಲ. ಮರೆತು ಹಾಗೆ ನಿಂತ ಎಷ್ಟು ಹುಡುಗಿಯರನ್ನು ಅವರು ಅಳುವವರೆಗೆ ಬೈದು ಹೊರಗೆ ಅಟ್ಟಿದ್ದರೋ ಲೆಕ್ಕವಿಲ್ಲ.

ಪಶುವೈದ್ಯ ತಲೆಯೆತ್ತಿ ನೋಡಿದ. "ಅಮ್ಮಾ, ಗ್ಲೌಸು."

"ಗೊತ್ತು," ಅಂದರು ಅತ್ತೆ. "ನೀವು ಗಡಿಯಾರ ನೋಡಿ."